ತುರುಬಿನ ದಬ್ಬಣ

ರೋಣ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ತಾಯಿ, ಮಗಳು ಕೂತಿದ್ದರು. ತಾಯಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊಲಿಯುವವಳು. ಚೀಲ ಹೊಲಿಯುವ ದಬ್ಬಣ ಅವಳ ತುರುಬಿನಲ್ಲೇ ಇತ್ತು.

“ಅದನ್ನ ತಗೀಬೇ ಯವ್ವಾ. ನನ್ನ ನೋಡಾಕ ಮಾವನ ಮನಿಗೆ ಬರೋ ಮಂದಿ ಏನಂದಾರು?”

“ದಬ್ಬಣ ಅಂದಾರು. ಬಜಾರದಾಗ ನನಗ ಅದ ಹೆಸರೈತಿ.”

“ಅದು ನಿನ್ನ ಬಾಯಿಗೆ ಇಟ್ಟ ಹೆಸರು. ಇವತ್ತೊಂದಿನ ಯಾರಿಗೂ ಚುಚ್ಚಬ್ಯಾಡ.”

“ಆತು, ಸುಮ್ಮನಿರ್ತೀನಿ. ನಿನ್ನ ಡಿ.ಎಡ್. ಬಿಡಸ್ತೀವಿ ಅಂದ್ರ?”



“ನಾನ ಹೇಳ್ತೀನಿ.”

“ಹೇಳು ನೋಡೂಣು. ನಾನ ನಿನ್ನ ಅತ್ತಿ ಅಂತ ತಿಳಕೊ.”

“ಕಲಿಯೂದು ಮುಗಿಸ್ಲೇನ್ರಿ, ಅತ್ತಿ?”

“ಇದು ಸೂಜಿ. ಅಂಗಿ ಗುಂಡಿ ಹಚ್ಚಾಕ ಬರ್ತೈತಿ. ಚೀಲದಾಗ ಇಳಿಯೂದಿಲ್ಲ.”

ಮಗಳು ನೆಟ್ಟಗೆ ಕೂತಳು.

“ಪರೀಕ್ಷಾ ಮುಗಿದ ಮ್ಯಾಲ ಲಗ್ನರಿ. ಮೊದಲ ಇಲ್ಲರಿ.”

“ಆಗೂದಿಲ್ಲವ್ವಾ, ಅಂದ್ರ?”

ಅಷ್ಟರಲ್ಲಿ ಕೊಣ್ಣೂರಿನ ಬಸ್ಸು ಬಂತು. ಇಬ್ಬರೂ ಎದ್ದರು.

“ಚಾ ಕುಡದು ಹೋಗ್ರಿ ಅಂತೀನಿ,” ಅಂದಳು ಮಗಳು.

ತಾಯಿ ತುರುಬಿನಿಂದ ದಬ್ಬಣ ಎಳೆದು ಕೈಚೀಲದೊಳಗೆ ಹಾಕಿಕೊಂಡು, ಮಗಳ ಹಿಂದೆ ಬಸ್ಸು ಹತ್ತಿದಳು.