ಒಂದೇ ಕಾರ್ಡಿನ ಇಬ್ಬರು

ಮನೆಯಲ್ಲೂ ಬೀದಿಯಲ್ಲೂ ದೊಡ್ಡವಳು ಎಂದು ಕರೆಸಿಕೊಳ್ಳುವ ನಾನು, ಬಣ್ಣ ಹೊಡೆಯುವ ಕೆಲಸದವನ ಹೆಂಡತಿ, ವಯಸ್ಸು 41 ವರ್ಷ, ಕಸುಬು ಆಸ್ಪತ್ರೆ ಮತ್ತು ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೂಲಿ, ಕಾರ್ಡ್ ನಂಬರ್ 211, ವಾಸ ರೈಲು ಹಳಿಯ ಹಿಂದಿನ ಶೀಟಿನ ಸಾಲುಮನೆಗಳಲ್ಲಿ ಏಳನೇ ಬಾಗಿಲು, ಈ ದಿನ ಶುಕ್ರವಾರ ಬೆಳಗ್ಗೆ 7.05ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಾನು ಸತ್ತಿಲ್ಲ.

ಮೊನ್ನೆ ಬುಧವಾರ ಮಧ್ಯಾಹ್ನ ಸದರಿ ಕಾರ್ಖಾನೆಯಲ್ಲಿ ಕರೆಂಟು ಹೊಡೆದು ಸತ್ತವಳು ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ, ವಯಸ್ಸು 32 ವರ್ಷ. ಅವಳನ್ನು ಎಲ್ಲರೂ ಚಿಕ್ಕವಳು ಎನ್ನುತ್ತಿದ್ದರು. ಶವಾಗಾರದಲ್ಲಿ ಅವಳ ಕಾಲಿಗೆ ಕಟ್ಟಿರುವ ಚೀಟಿಯಲ್ಲಿ ನನ್ನ ಹೆಸರು, ನನ್ನ ವಯಸ್ಸು ಇದೆ. ಅದು ತಪ್ಪು. ಆ ತಪ್ಪು ಹೇಗಾಯಿತು, ಅದರಲ್ಲಿ ನನ್ನ ಪಾಲೆಷ್ಟು ಎಂದು ಹೇಳಲು ಬಂದಿದ್ದೇನೆ.

ನಮ್ಮದು ಹತ್ತಡಿ ಉದ್ದ, ಒಂಬತ್ತಡಿ ಅಗಲದ ಒಂದೇ ಕೋಣೆ. ಅದರಲ್ಲಿ ಬುಧವಾರದವರೆಗೆ ಐದು ಜನ ಇದ್ದೆವು: ಅತ್ತೆ, ನನ್ನ ಗಂಡ, ನಾನು, ಚಿಕ್ಕವಳು ಮತ್ತು ಅವಳ ಒಂಬತ್ತು ವರ್ಷದ ಮಗಳು. ನನಗೆ ಮಕ್ಕಳಿಲ್ಲ. ಚಿಕ್ಕವಳ ಗಂಡ ಮೂರು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದ. ಮೊದಲ ನಾಲ್ಕು ತಿಂಗಳು ಫೋನು ಮಾಡಿದ, ಆಮೇಲೆ ಫೋನೂ ಇಲ್ಲ, ಆಳೂ ಇಲ್ಲ. ನನ್ನ ಗಂಡ ದಿನಾ ಬೆಳಗ್ಗೆ 6.30ಕ್ಕೆ ಬ್ರಷ್ಷು ಹಿಡಿದು ಸರ್ಕಲ್ಲಿನಲ್ಲಿ ನಿಲ್ಲುತ್ತಾನೆ. ವಾರದಲ್ಲಿ ಎರಡು ದಿನ ಯಾರಾದರೂ ಕರೆದೊಯ್ಯುತ್ತಾರೆ. ಉಳಿದ ದಿನ ಹತ್ತು ಗಂಟೆಗೆಲ್ಲ ವಾಪಸು ಬಂದು, ತಾನು ಬಣ್ಣ ಹೊಡೆಯದ ನಮ್ಮ ಮನೆಯ ಗೋಡೆಯನ್ನೇ ನೋಡುತ್ತ ಕೂರುತ್ತಾನೆ. ಖಾಯಂ ಕೂಲಿ ಎಂದು ಮನೆಗೆ ಬರುತ್ತಿದ್ದುದು ನನ್ನ ಕಾರ್ಡಿನಿಂದ ಮಾತ್ರ.

ಕಾರ್ಖಾನೆಯಲ್ಲಿ ನನ್ನ ಕೆಲಸ, ಒಗೆದ ಶೀಟುಗಳನ್ನು ಟ್ರಾಲಿಗೆ ಎಳೆದು ಹಾಕಿ, ಇಪ್ಪತ್ತು ಹೆಜ್ಜೆ ದೂರದ ಹಿಂಡುವ ಯಂತ್ರಕ್ಕೆ ತುಂಬುವುದು. ಒದ್ದೆ ಬಟ್ಟೆ ಹೆಣಭಾರ ಇರುತ್ತದೆ. ಹದಿನಾಲ್ಕು ತಿಂಗಳ ಹಿಂದೆ ನನ್ನ ಸೊಂಟ ಹಿಡಿದುಕೊಂಡಿತು. ಒಂದು ದಿನ ಹೋದರೆ ಮಾರನೇ ದಿನ ಏಳಲಾಗುತ್ತಿರಲಿಲ್ಲ. ತಿಂಗಳಲ್ಲಿ ಮೂರು ದಿನ ತಪ್ಪಿದರೆ ಕಾರ್ಡು ರದ್ದು. ಹೊಸಬರಿಗೆ ಕಾರ್ಡು ಕೊಡುವುದನ್ನು ಕಾರ್ಖಾನೆಯವರು ನಿಲ್ಲಿಸಿದ್ದರು. ಆಗ ಚಿಕ್ಕವಳು ನನ್ನ ಕೊರಳಿನಿಂದ ಕಾರ್ಡು ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡು, "ಅಕ್ಕಾ, ನಿನಗೆ ಸೊಂಟ ಇಲ್ಲ, ನನಗೆ ಕಾರ್ಡಿಲ್ಲ. ಇಬ್ಬರನ್ನೂ ಸೇರಿಸಿ ಹೊಲಿದರೆ ಒಂದು ಆಳಾಗುತ್ತೆ ಬಿಡು" ಎಂದು ನಕ್ಕಳು. ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ನಾನು. ಮಂಗಳವಾರ, ಗುರುವಾರ, ಶನಿವಾರ ಅವಳು. ತಲೆಗೆ ಟೋಪಿ, ಬಾಯಿಗೆ ಮಾಸ್ಕು, ಕಾಣುವುದು ಕಣ್ಣು ಮಾತ್ರ. ಗೇಟಿನವನು ನೋಡುವುದು ನಂಬರನ್ನು. ಒಳಗೆ ನಮ್ಮಿಬ್ಬರನ್ನೂ ಕೂಗುತ್ತಿದ್ದುದು ಇನ್ನೂರ ಹನ್ನೊಂದು ಎಂದೇ.

ತನಗೆ ಏನೂ ಗೊತ್ತಿರಲಿಲ್ಲ ಎಂದು ಕಾರ್ಖಾನೆಯ ಮೇಸ್ತ್ರಿಯವರು ನಾಳೆ ಹೇಳಿದರೆ ಅದು ಸುಳ್ಳು. ಅವಳು ನನಗಿಂತ ಅರ್ಧ ಅಡಿ ಗಿಡ್ಡ, ಮೇಲಾಗಿ ಎಡಗೈಯವಳು. ಮೂರನೇ ಸಲ ಹೋದಾಗಲೇ ಅವರು ಕಂಡುಹಿಡಿದು, "ಯಾರಾದ್ರೂ ಬಂದು ಸಾಯಿರಿ, ಎಂಟು ಗಂಟೆಗೆ ಇನ್ನೂರ ಹನ್ನೊಂದು ಯಂತ್ರದ ಮುಂದೆ ನಿಂತಿರಬೇಕು ಅಷ್ಟೆ" ಎಂದು ಹೇಳಿದ್ದನ್ನು ಅವಳು ಅಂದೇ ಸಂಜೆ ನನಗೆ ತಿಳಿಸಿದ್ದಳು. ಅಲ್ಲಿ ನೆಲದ ಮೇಲೆ ಯಾವಾಗಲೂ ನೀರು. ಮೋರಿಗೆ ಬಟ್ಟೆಯ ನೂಲು ಕಟ್ಟಿಕೊಂಡು ನಾಲ್ಕು ಬೆರಳು ನಿಲ್ಲುತ್ತದೆ. ಅದಕ್ಕೆಂದು ಕಾರ್ಡಿಗೊಂದು ಜೊತೆ ರಬ್ಬರ್ ಬೂಟು ಕೊಡುತ್ತಾರೆ. ನಮ್ಮ ಬೂಟು ನನ್ನ ಅಳತೆಯದು, ಎಂಟು ನಂಬರು. ಅವಳ ಪಾದ ಐದು ನಂಬರು. ಬೇರೆ ಬೂಟು ಕೊಡಿ ಎಂದು ನಾನೇ ಮೇಸ್ತ್ರಿಯವರನ್ನು ಎರಡು ಸಲ ಕೇಳಿದೆ. ಒಂದು ಕಾರ್ಡಿಗೆ ನಾಲ್ಕು ಕಾಲಿರುತ್ತಾ ಎಂದು ಅವರು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ಹಿಂಡುವ ಯಂತ್ರದ ವೈರು ಮೂರು ವಾರದಿಂದ ಸುಲಿದುಹೋಗಿತ್ತು. ಮುಟ್ಟಿದರೆ ಜುಂ ಎನ್ನುತ್ತದೆ ಎಂದು ನಾನು ಹೇಳಿದ್ದೆ, ಅವಳೂ ಹೇಳಿದ್ದಳು, ಶೀಟು ಮಡಿಸುವ ಅಕ್ಕನೂ ಹೇಳಿದ್ದಳು. ಮೇಸ್ತ್ರಿಯವರು ಅದಕ್ಕೆ ಟೇಪು ಸುತ್ತಿಸಿದರು.

ಬುಧವಾರ ನನ್ನ ಸರದಿ. ಆದರೆ ಮಂಗಳವಾರ ಸಂಜೆ ಬಡವರ ಪಟ್ಟಿ ಮಾಡುವ ಸರ್ವೆಯವರು ನಾಳೆ ನಮ್ಮ ಸಾಲಿಗೆ ಬರುತ್ತಾರೆಂದು ಸುದ್ದಿ ಬಂತು. ರೇಷನ್ ಕಾರ್ಡು ಯಾರ ಹೆಸರಿನಲ್ಲಿದೆಯೋ ಆ ಹೆಂಗಸು ಮನೆಯಲ್ಲೇ ಇರಬೇಕು, ಇಲ್ಲದಿದ್ದರೆ ಮನೆಯೇ ಪಟ್ಟಿಯಿಂದ ಹೋಗುತ್ತದೆ ಎಂದರು. ರೇಷನ್ ಕಾರ್ಡು ನನ್ನ ಹೆಸರಿನಲ್ಲಿದೆ. ಚಿಕ್ಕವಳು ಮಂಗಳವಾರವಿಡೀ ದುಡಿದು ಬಂದಿದ್ದಳು. ಆದರೂ, "ನಾಳೆನೂ ನಾನೇ ಹೋಗ್ತೀನಕ್ಕ, ಶನಿವಾರ ನೀನು ಹೋಗು, ಲೆಕ್ಕ ಚುಕ್ತಾ" ಎಂದಳು. ಬುಧವಾರ ಬೆಳಗ್ಗೆ 7.20ಕ್ಕೆ ಮಗಳ ಜಡೆ ಹಾಕಿ ಹೊರಟಳು. ಒಂದು ಜಡೆ ಮೇಲೆ, ಒಂದು ಕೆಳಗೆ ಆಗಿತ್ತು. ಮಗು ದೂರಿದ್ದಕ್ಕೆ ಸಂಜೆ ಸರಿ ಮಾಡುತ್ತೇನೆ ಎಂದಳು. ಅವಳನ್ನು ನಾನು ಜೀವಂತ ನೋಡಿದ್ದು ಅದೇ ಕೊನೆ.

ಸರ್ವೆ ಮೇಡಂ 11.15ಕ್ಕೆ ಬಂದರು. ಅಷ್ಟರೊಳಗೆ ಅತ್ತೆ ಟಿವಿಯನ್ನು ಮಂಚದ ಮೇಲೆ ಮಲಗಿಸಿ, ಜ್ವರ ಬಂದವರಿಗೆ ಹೊದಿಸುವ ಹಾಗೆ ಕಂಬಳಿ ಹೊದಿಸಿದ್ದರು. ಮೇಡಂ ಗೋಡೆಗೆ ಜೋತಾಡುತ್ತಿದ್ದ ವೈರು ನೋಡಿದರು, ಕಂಬಳಿಯನ್ನೂ ನೋಡಿದರು. ಮನೆಯಲ್ಲಿ ಯಾರಿಗೆ ಖಾಯಂ ಕೆಲಸ ಇದೆ ಎಂದು ಕೇಳಿದರು. ಯಾರಿಗೂ ಇಲ್ಲ ಎಂದೆ. ನಿಮ್ಮ ಉದ್ಯೋಗ ಏನು ಎಂದು ಕೇಳಿದರು. ಏನೂ ಇಲ್ಲ, ಮನೆಯಲ್ಲೇ ಇರುತ್ತೇನೆ ಎಂದೆ. ಹೋಗುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು, ಆಗ 11.50. ಅದೇ ಹೊತ್ತಿನಲ್ಲಿ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇನ್ನೂರ ಹನ್ನೊಂದು ಎಂಟು ಗಂಟೆಗೆ ಒಳಗೆ ಬಂದಿದೆ, ಹೊರಗೆ ಹೋಗಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ಕೋರುತ್ತೇನೆ. ಸರ್ವೆಯಲ್ಲಿ ಸುಳ್ಳು ಹೇಳಿದ್ದು ನಾನು, ಅದಕ್ಕೆ ಏನು ಶಿಕ್ಷೆಯೋ ಕೊಡಿ.

ಮಧ್ಯಾಹ್ನ 3.05ಕ್ಕೆ ನನ್ನ ಫೋನಿಗೆ ಕರೆ ಬಂತು. ಕಾರ್ಖಾನೆಯ ಆಫೀಸಿನವರು, ಇನ್ನೂರ ಹನ್ನೊಂದರ ಮನೆಯವರಾ ಎಂದು ಕೇಳಿದರು. ಹೌದು ಎಂದೆ. ಆಕೆಗೆ ಕರೆಂಟು ಹೊಡೆದಿದೆ, ಗಂಡಸರು ಯಾರಾದರೂ ಇದ್ದರೆ ದೊಡ್ಡಾಸ್ಪತ್ರೆಗೆ ಕಳಿಸಿ ಎಂದರು. ಆಕೆಯ ಹೆಸರು ಎಂದು ಅವರು ಹೇಳಿದ್ದು ನನ್ನ ಹೆಸರು. ಆ ಗಳಿಗೆಯವರೆಗೆ ನಾನು, ಬಡವಿ ಎಂದು ಬರೆಸಿಕೊಂಡ ಖುಷಿಯಲ್ಲಿದ್ದೆ.

ನಾನು, ನನ್ನ ಗಂಡ 4.10ಕ್ಕೆ ಆಸ್ಪತ್ರೆ ಮುಟ್ಟಿದೆವು. ಶೀಟು ಮಡಿಸುವ ಅಕ್ಕ ಬಾಗಿಲಲ್ಲೇ ನಿಂತಿದ್ದಳು. 2.40ಕ್ಕೆ ಚಿಕ್ಕವಳು ಯಂತ್ರದ ಮುಚ್ಚಳಕ್ಕೆ ಕೈ ಹಾಕಿದಳು, ಕೂಗಲೂ ಇಲ್ಲ, ಬೂಟು ಗೋಡೆಯ ಪಕ್ಕ ಇತ್ತು, ನೀರು ತುಂಬಿ ಜಾರುತ್ತದೆಂದು ಬಿಚ್ಚಿಟ್ಟಿದ್ದಳು ಎಂದು ಆ ಅಕ್ಕ ತಿಳಿಸಿದಳು. ಒಳಗೆ ಚಿಕ್ಕವಳ ಅಂಗಾಲು ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಆ ಕಾಲಿಗೆ ನನ್ನ ಹೆಸರು ಕಟ್ಟಿದ್ದರು. ಇದು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಗಂಡ ನನ್ನ ತೋಳು ಗಟ್ಟಿಯಾಗಿ ಒತ್ತಿ ಹಿಡಿದ.

ಮೇಸ್ತ್ರಿಯವರು ಗಂಡನನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋಗಿ ಸುಮಾರು ಹತ್ತು ನಿಮಿಷ ಮಾತಾಡಿದರು. ಕಾರ್ಡಿನವಳೇ ಸತ್ತಿದ್ದಾಳೆ ಎಂದಾದರೆ ಕಂಪನಿ ಪರಿಹಾರ ಕೊಡುತ್ತದೆ, ಯಾರದೋ ಕಾರ್ಡು ಹಾಕಿಕೊಂಡು ಯಾವಳೋ ನುಗ್ಗಿದ್ದಳು ಎಂದಾದರೆ ಬಿಡಿಗಾಸೂ ಇಲ್ಲ, ಮೇಲೆ ನಿನ್ನ ಹೆಂಡತಿಯ ಮೇಲೆ ಮೋಸದ ಕೇಸು ಎಂದು ಅವರು ಹೇಳಿದರೆಂದು ಗಂಡ ನನಗೆ ತಿಳಿಸಿದ.

ಸಂಜೆ ಮನೆಯಲ್ಲಿ ಮಾತಾಯಿತು. ಅತ್ತೆ, "ಸತ್ತೋಳು ಎದ್ದು ಬರಲ್ಲ, ಇದ್ದೋರ ಹೊಟ್ಟೆ ಸುಮ್ಮನಿರಲ್ಲ. ಸುಡುಗಾಡಲ್ಲಿ ಯಾರೂ ಹೆಸರು ಕೇಳಲ್ಲ ಕಣೇ" ಎಂದರು. ಹಾಗೆಂದು ಗೋಡೆಯ ಕಡೆ ತಿರುಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತರು. ನಾನು ಸತ್ತರೆ ರೇಷನ್ ಕಾರ್ಡಿನಿಂದಲೂ ಹೋಗುತ್ತೇನಲ್ಲ, ಆಗೇನು ಮಾಡುತ್ತೀರಿ ಎಂದು ಕೇಳಿದೆ. ಅದು ಆಮೇಲಿನ ಮಾತು ಎಂದ ಗಂಡ. ಅರ್ಧ ಹಣ ಮಗುವಿನ ಹೆಸರಿನಲ್ಲಿ ಇಡುತ್ತೇನೆ ಎಂದೂ ಹೇಳಿದ. ನನ್ನ ಗಂಡ ಕೆಟ್ಟವನಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ದುಡ್ಡು ನಿಂತದ್ದನ್ನು ನಾನು ನೋಡಿಲ್ಲ. ತಾಯಿ ಸತ್ತದ್ದಕ್ಕೆ ಬರುವ ಹಣ ಮಗಳದು, ಅವನದಲ್ಲ. ಇಷ್ಟೆಲ್ಲ ತಿಳಿದೂ ನಾನು ಒಪ್ಪಿದೆ. ಹೆದರಿ ಒಪ್ಪಿದೆ. ಯಾರೂ ಹೊಡೆದು ಬಡಿದು ಒಪ್ಪಿಸಲಿಲ್ಲ ಎಂದು ಬರೆದುಕೊಳ್ಳಿ.

ಒಪ್ಪಿದ್ದೇನೆಂದರೆ, ಹೊರಗಿನವರಿಗೆ ಇನ್ನು ಮುಂದೆ ನಾನೇ ಚಿಕ್ಕವಳು. ಮಗು ನನ್ನನ್ನು ಅಮ್ಮ ಎನ್ನಬೇಕು. ಅತ್ತೆ ಅದನ್ನು ಮಗ್ಗಿ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಮಗು ಎರಡು ಸಲ ತಪ್ಪಿತು, ಮೂರನೇ ಸಲ ಸರಿಯಾಗಿ ಹೇಳಿತು.

ಗುರುವಾರ ಬೆಳಗ್ಗೆ 11.20ಕ್ಕೆ ಕಂಪನಿಯ ಆಫೀಸರರು ಕಾಗದ ಹಿಡಿದು ಮನೆಗೆ ಬಂದರು. ಗಂಡನ ಕೈಲಿ ನಾಲ್ಕು ಕಡೆ ಸಹಿ ಹಾಕಿಸಿಕೊಂಡರು. ಆಮೇಲೆ ಸುಮ್ಮನೆ ಮಾತಿಗೆಂಬಂತೆ ಮಗುವನ್ನು, ನೀನು ಯಾರ ಮಗಳು ಎಂದು ಕೇಳಿದರು. ಮಗು ಎದ್ದು ಬಂದು ನನ್ನ ಕೈ ಹಿಡಿದುಕೊಂಡು, "ಇವರು ನಮ್ಮಮ್ಮ. ಸತ್ತಿದ್ದು ದೊಡ್ಡಮ್ಮ" ಎಂದಿತು. ತೊದಲಲಿಲ್ಲ. ಹೇಳಿ ಮುಗಿಸಿ, ಸರಿಯಾಯಿತೇ ಎಂದು ಅಜ್ಜಿಯ ಮುಖ ನೋಡಿತು. ಆಫೀಸರರು ಜಾಣೆ ಎಂದು ಅದರ ತಲೆ ಸವರಿದರು. ಬುಧವಾರದ ಜಡೆ ಹಾಗೆಯೇ ಇತ್ತು, ಬಿಚ್ಚಲು ಮಗು ಯಾರನ್ನೂ ಬಿಟ್ಟಿರಲಿಲ್ಲ.

ಅವರು ಹೋದ ಮೇಲೆ 12.10ರ ಸುಮಾರಿಗೆ ನಾನು ಪಾತ್ರೆ ತೊಳೆಯಲು ಬೀದಿಯ ನಲ್ಲಿಗೆ ಹೋದೆ. ಮಗು ಹಿಂದೆಯೇ ಬಂತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿ, "ದೊಡ್ಡಮ್ಮಾ, ನಾನು ಅಳೋದು ಯಾವಾಗ?" ಎಂದು ಕೇಳಿತು.

ಈ ದಿನ 6.10ಕ್ಕೆ ನೀರು ತರುವ ನೆಪ ಹೇಳಿ ಕೊಡ ಹಿಡಿದು ಹೊರಟು, ಮೂರೂವರೆ ಕಿಲೋಮೀಟರು ನಡೆದು ಇಲ್ಲಿಗೆ ಬಂದಿದ್ದೇನೆ. ಕೊಡ ಠಾಣೆಯ ಹೊರಗಿದೆ. ಗಂಡನಿಗೂ ಅತ್ತೆಗೂ ತಿಳಿಸಿಲ್ಲ. ಅವಳು ಅಲ್ಲಿ ದುಡಿಯುತ್ತಿದ್ದಳು ಎಂಬುದಕ್ಕೆ ಏನು ಸಾಕ್ಷಿ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರು ಕೇಳಿದ್ದಕ್ಕೆ ನನ್ನ ಉತ್ತರ: ಅಲ್ಲಿ ಹಾಜರಿಗೆ ಸಹಿ ಇಲ್ಲ, ಶಾಯಿ ಹಚ್ಚಿ ಹೆಬ್ಬೆಟ್ಟು ಒತ್ತಿಸುತ್ತಾರೆ. ಹದಿನಾಲ್ಕು ತಿಂಗಳ ಪುಸ್ತಕ ತರಿಸಿ ನೋಡಿ. 211ರ ಸಾಲಿನಲ್ಲಿ ಒಂದು ದಿನ ನನ್ನ ಬೆರಳು, ಒಂದು ದಿನ ಅವಳ ಬೆರಳು. ಇಷ್ಟು ದಿನ ಅದನ್ನು ಯಾರೂ ನೋಡಿಲ್ಲ, ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಪುಸ್ತಕ ಕಳೆದುಹೋಯಿತು ಎಂದು ಅವರು ಹೇಳುವ ಮೊದಲು, ಅಂದರೆ ಇವತ್ತೇ, ತರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಅವಳು ಯಾವಳೋ ನುಗ್ಗಿದವಳಲ್ಲ. ವಾರಕ್ಕೆ ಮೂರು ದಿನ ಅವರ ಶೀಟು ಹಿಂಡಿದವಳು.

ನನ್ನ ಕಾರ್ಡು ಹೋಗುತ್ತದೆ ಎಂದು ಗೊತ್ತು. ಬಡವರ ಪಟ್ಟಿಯಿಂದಲೂ ತೆಗೆದಾರು. ಕೇಸು ಹಾಕುವುದಾದರೆ ಹಾಕಿ. ನನ್ನದು ಒಂದೇ ಕೋರಿಕೆ. ಶವವನ್ನು ಇವತ್ತು 4 ಗಂಟೆಗೆ ಕೊಡುತ್ತಾರಂತೆ. ಅಷ್ಟರೊಳಗೆ ಆ ಕಾಲಿನ ಚೀಟಿ ಬದಲಾಗಬೇಕು. ಶವ ಕೊಡುವಾಗ ಹೆಸರು ಕೂಗುವವರು ಅವಳ ಹೆಸರನ್ನೇ ಕೂಗಬೇಕು. ಮಗುವನ್ನು ನಾನೇ ಕರೆತಂದು ಎದುರಿಗೆ ನಿಲ್ಲಿಸುತ್ತೇನೆ. ಅದು ಅಮ್ಮಾ ಎಂದು ಕೂಗಿ ಅತ್ತರೆ, ನಿಮ್ಮವರಾಗಲಿ ನಮ್ಮವರಾಗಲಿ ಯಾರೂ ಅದರ ಬಾಯಿ ಮುಚ್ಚಿಸಬಾರದು.

ಮೇಲೆ ಬರೆಸಿದ್ದನ್ನು ಬರಹಗಾರರು ಎರಡು ಸಲ ಓದಿ ಹೇಳಿದರು, ನಾನು ಹೇಳಿದ ಹಾಗೆಯೇ ಇದೆ, ನನಗೆ ತಿಳಿದ ಮಟ್ಟಿಗೆ ಎಲ್ಲವೂ ನಿಜ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನ: ಶುಕ್ರವಾರ, ತಾರೀಕು 14, ಬೆಳಗ್ಗೆ 8.40

ಹೇಳಿಕೆ ಕೊಟ್ಟವಳ ಸಹಿ: (ದೊಡ್ಡವಳು, ಮಗುವಿನ ದೊಡ್ಡಮ್ಮ)