ಒಂದು ಈಡು ಒಳಗೇ ಇದೆ

ಕೊಲ್ಲಿ ದೇಶದ ಕರಾಮದ ಬಸ್ ಸ್ಟಾಪಿನಲ್ಲಿ ಕುಳಿತು ತರಕಾರಿ ಚೀಲದ ಹರಿದ ಹಿಡಿಕೆಯನ್ನು ಹೊಲಿಯುತ್ತಿದ್ದೆ. ಊರ ಕಡೆಯ ಇಬ್ಬರು ಬಂದರು. ಹಿರಿಯವರು ಕುಳಿತರು. ಕಿರಿಯವನು ಫೋನ್ ಕಿವಿಗೆ ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದ.

“ರಜೆಯಲ್ಲಿ ಹಂದಿ ಸುಕ್ಕ ತಿಂದು ಬಂದವನ ಮುಖವಾ ಇದು, ಕೀರ್ತನ್?”

“ಎಲ್ಲಿಯ ಸುಕ್ಕ, ಧರ್ಮಣ್ಣ! ಮೊನ್ನೆ ರಾತ್ರಿಯಿಡೀ ಗೆಣಸಿನ ಗದ್ದೆಯಲ್ಲಿ ಕಾದೆ. ಕಾಡುಹಂದಿ ಬರಲೇ ಇಲ್ಲ.”

“ಇವತ್ತು ನಿನ್ನ ತಮ್ಮ ರೋಷನ್ ಹೊಡೀತಾನಂತೆ. ಮಸಾಲೆ ಹುರಿದಿಡಿ ಅಂತ ಗ್ರೂಪಲ್ಲಿ ಹಾಕಿದ್ದಾನೆ.”

“ಅದಕ್ಕೇ ಹೆದರಿಕೆ. ಕೇಪಿನ ಕೋವಿಯೊಳಗೆ ನಾನು ತುಂಬಿದ ಮದ್ದುಗುಂಡಿನ ಈಡು ಹಾಗೇ ಇದೆ.”

“ಹೊಡೆದು ಖಾಲಿ ಮಾಡಲಿಲ್ಲವಾ?”

“ಮಗು ಮಲಗಿತ್ತು. ಕಿಡಿ ಹೊತ್ತಿಸುವ ಕೇಪು ಮಾತ್ರ ತೆಗೆದು ಕೋವಿಯನ್ನು ಅಟ್ಟದಲ್ಲಿಟ್ಟೆ.”

“ಅವನಿಗೆ ಹೇಳಲಿಲ್ಲವಾ, ಮಾರಾಯಾ?”

“ಹೊರಡುವ ಗಡಿಬಿಡಿಯಲ್ಲಿ ಮರೆತೆ.”

“ನಳಿಗೆಗೆ ಸರಳು ಇಳಿಸಿ ನೋಡಿದರೆ ಗೊತ್ತಾಗುತ್ತದಲ್ಲ.”

“ರೋಷನ್ ನೋಡುವವನಾ? ಖಾಲಿ ಅಂದುಕೊಂಡು ಅದರ ಮೇಲೇ ಇನ್ನೊಂದು ಈಡು ಜಡಿಯುತ್ತಾನೆ. ನಳಿಗೆ ಒಡೆದು ಮುಖಕ್ಕೇ ಬರುತ್ತದೆ.”

ಧರ್ಮಣ್ಣ ಎದ್ದು ನಿಂತರು.

“ಹೆಂಡತಿಗೆ ಫೋನ್ ಮಾಡು.”

“ಮಾಡಿದೆ. ಅವನು ಆಗಲೇ ಗುಡ್ಡೆ ಹತ್ತಿದ್ದಾನೆ. ಟಾರ್ಚ್ ಹಿಡಿದು ಅವಳೂ ಹುಡುಕಿಕೊಂಡು ಹೋದಳು. ಅಲ್ಲಿ ರೇಂಜ್ ಇಲ್ಲ. ಈಗ ಇಬ್ಬರೂ ಸಿಗುತ್ತಿಲ್ಲ.”

“ಬಸ್ ಬಂತು. ಯಲ್ಲಾ, ಬೇಗ ಹತ್ತು. ಒಳಗೆ ಕೂತು ಮಾಡುವಾ.”

ನನ್ನ ಸೂಜಿ ಚೀಲದಲ್ಲೇ ನಿಂತಿತ್ತು. ಕೀರ್ತನ್ ಮೆಟ್ಟಿಲ ಮೇಲೆ ನಿಂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ವಾಯ್ಸ್ ಮೆಸೇಜಿಗೆ ಹೇಳುತ್ತಿದ್ದ. ಬಾಗಿಲು ಮುಚ್ಚುವ ಮೊದಲು ನನಗೆ ಕೇಳಿಸಿದ್ದು ಇಷ್ಟೇ:

“ರೋಷನ್, ಕೋವಿ ಕೆಳಗಿಡು. ಒಮ್ಮೆ ಫೋನ್ ಮಾಡು.”