ಬಂಗಾರಕ್ಕ ನಿಲ್ಲಿಸಿದ ಗುಳಿಗೆ

ಇದು ನನ್ನ ಅತ್ತೆಮಗಳು ಸೌಜನ್ಯಾಗೆ ಹೊನ್ನಾವರದ ಹತ್ತಿರದ ನಮ್ಮೂರು ಮಂಕಿಯಲ್ಲಿ ಆದದ್ದು. ದೆವ್ವಗಿವ್ವ ನಂಬುವ ಪೈಕಿಯಲ್ಲ ಅವಳು. ಸಂಧಿವಾತ ಯಾಕೆ ಬರುತ್ತದೆ, ಯಾವ ಮದ್ದಿಗೆ ಬಗ್ಗುತ್ತದೆ ಎಂದು ಸಂಶೋಧನೆ ಮಾಡುವ ಡಾಕ್ಟರು.

ಆ ರಾತ್ರಿ ಸ್ಕೂಟರು ಪಂಕ್ಚರ್. ರಕ್ತದ ಮಾದರಿಗಳ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಒಬ್ಬಳೇ ನಮ್ಮ ಮನೆಗೆ ನಡೆದು ಬರುತ್ತಿದ್ದಳು. ಬೇರೆ ದಾರಿ ಇದ್ದಿದ್ದರೆ ಆ ಬಾವಿಯ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಅವಳ ಸಂಶೋಧನೆಗೆ ರಕ್ತ ಕೊಡಲು ಒಪ್ಪಿದ್ದ ಸಂಧಿವಾತದ ರೋಗಿ, ಮೀನು ಮಾರುವ ಬಂಗಾರಕ್ಕ ಬಿದ್ದು ಸತ್ತದ್ದು ಅದರಲ್ಲೇ...

ತಪ್ಪು ಸೌಜನ್ಯಾಳದ್ದೇ. ನಮ್ಮವಳೆಂದು ಯಾಕೆ ಮುಚ್ಚಿಡಲಿ? ಮದ್ದು ಮೈಯಲ್ಲಿದ್ದರೆ ರಕ್ತದಲ್ಲಿ ರೋಗ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ, "ಗುಳಿಗೆ ನಿಲ್ಸಿ ಬಂಗಾರಕ್ಕ. ಮುಂದಿನ ವಾರ ನಾ ಬಂದು ರಕ್ತ ತಕಂಡಮೇಲೆ ಶುರು ಮಾಡಿ" ಅಂದಿದ್ದಳು. ಆಮೇಲೆ ಗೆಳತಿಯ ಮದುವೆ, ಅದು, ಇದು... ಹೋಗಲೇ ಇಲ್ಲ. ಒಂದು ಫೋನೂ ಮಾಡಲಿಲ್ಲ. ಡಾಕ್ಟ್ರು ಹೇಳಿದ್ದಾರಲ್ಲ ಎಂದು ಆ ಹೆಂಗಸು ನೋವು ನುಂಗಿಕೊಂಡು ಕಾದೇ ಕಾದಳು. ಒಂದು ನಸುಕಿನಲ್ಲಿ ನೀರು ಸೇದುವಾಗ ಬಾತ ಬೆರಳು ಮಡಚಲಿಲ್ಲ. ಹಗ್ಗ ಜಾರಿತು. ಹಿಡಿಯಲು ಬಗ್ಗಿದಳು. ಸೊಸೆ ಅಂಗಳದಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಾವಿಕಟ್ಟೆ ಬಂತು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಆದರೂ ರಾಟೆ ತಿರುಗಿತು. ಕಿಂಯ್... ಕಿಂಯ್... ಆಮೇಲೆ ಸರ್ರ್ರನೆ ಹಗ್ಗ ಜಾರಿದ ಸದ್ದು. ಕೆಳಗೆ ನೀರಿನಲ್ಲಿ, ದುಡುಂ!

ಸೌಜನ್ಯಾಗೆ ಕಾಲು ಕಿತ್ತಿಡಲು ಆಗಲಿಲ್ಲ. ಬೆನ್ನ ಹಿಂದೆಯೇ ಪಿಸುದನಿ.

"ತಂಗೀ..."

"ಯಾ... ಯಾರು?"

"ಗುಳಿಗೆ ತಕಳ್ಲಾ ಈಗ? ಕೈ ರಾಶಿ ನೋಯ್ತದೆ."

"ತಕಳಿ ಬಂಗಾರಕ್ಕ... ತಪ್ಪಾತು... ನಂದೇ ತಪ್ಪು..."

ಈ ಸಲ ಕಿವಿಯ ಹತ್ತಿರವೇ, "ರಕ್ತ ಕೊಡೂದೊಂದು ಬಾಕಿ ಅದ್ಯಲ್ಲ ತಂಗಿ."

ಹೆಗಲ ಮೇಲಿನ ಪೆಟ್ಟಿಗೆಯ ಚಿಲಕ ಟಕ್ ಎಂದಿತು. ಅವಳು ಹೇಗೆ ಓಡಿ ನಮ್ಮ ಮನೆ ಸೇರಿದಳೋ ಅವಳಿಗೇ ಗೊತ್ತಿಲ್ಲ.

ಬೆಳಿಗ್ಗೆ ಪೆಟ್ಟಿಗೆಯನ್ನು ನೋಡುವ ಧೈರ್ಯವೂ ಅವಳಿಗಿರಲಿಲ್ಲ. ಹೊನ್ನಾವರದ ಲ್ಯಾಬಿಗೆ ನಾನೇ ಮುಟ್ಟಿಸಿ ಬಂದೆ. ಮಧ್ಯಾಹ್ನ ಅಲ್ಲಿ ರಕ್ತ ಪರೀಕ್ಷಿಸುವ ಅನೂಪ ಸೌಜನ್ಯಾಗೆ ಫೋನು ಮಾಡಿದ. ಅವನಿಗೆ ಪಾಪ, ಇದೊಂದೂ ಗೊತ್ತಿಲ್ಲ. ಸ್ಪೀಕರ್ ಹಾಕಿದ್ದಳು, ನಾನೂ ಕೇಳಿದ್ದೇನೆ. ಸುಳ್ಳು ಹೇಳಿ ನನಗೆ ಆಗಬೇಕಾದ್ದೇನು? ಬೇಕಾದರೆ ಹೋಗಿ ಅವನನ್ನೇ ವಿಚಾರಿಸಿ.

"ಮೇಡಂ, ಒಂದು ಟ್ಯೂಬು ಹೆಚ್ಚಿಗೆ ಬಂದದೆ. ಹೆಸ್ರು ಬರೆದಿಲ್ಲ. ಐಸಿನ ಮಧ್ಯ ಇದ್ರೂ ಬೆಚ್ಚಗಿತ್ತು. ಯಾರ ರಕ್ತ ಇದು? ಉರಿಯೂತ ರಾಶಿ ಜಾಸ್ತಿ ಅದೆ. ಇವತ್ತೇ ಗುಳಿಗೆ ಶುರು ಮಾಡೂಕೆ ಹೇಳಿ ಅವ್ರಿಗೆ."